ಫೋಟೋ ನಿಜವಾ, ಬರೆದ ಚಿತ್ರ ನಿಜವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಂಪಿಯ ಹಳೇ ಫೋಟೋ ನೋಡಿದವರು, ಶ್ರೀರಂಗಪಟ್ಟಣದ ಗೋಡೆ ಚಿತ್ರದ ಮುಂದೆ ನಿಂತು ಬಂದವರು, ಮನೆಯ ಆಲ್ಬಂ ತಿರುವಿ ಹಾಕುತ್ತಿರುವವರು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ನಂಬಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕೇ ಸಾಲು.

ಸುತ್ತಿ ಬಳಸಬೇಡಿ. ಎರಡರಲ್ಲಿ ಯಾವುದು ಹೆಚ್ಚು ನಿಜ?

ನೀವು ಏನು ಕೇಳುತ್ತಿದ್ದೀರಿ ಅನ್ನೋದರ ಮೇಲಿದೆ. "ಇದು ಅಲ್ಲಿ ಇತ್ತಾ?" ಎಂದು ಕೇಳಿದರೆ ಫೋಟೋ ಮುಂದೆ. "ಅಲ್ಲಿ ಏನು ನಡೆಯಿತು?" ಎಂದು ಕೇಳಿದರೆ ಫೋಟೋ ಎಷ್ಟೋ ಸಲ ಬಾಯಿ ಬಿಡುವುದೇ ಇಲ್ಲ.

ಫೋಟೋ ಅಂದರೆ ಬೆಳಕು ಬಿಟ್ಟು ಹೋದ ಗುರುತು. ಕೆಸರಿನಲ್ಲಿ ಚಿರತೆಯ ಹೆಜ್ಜೆ ಕಂಡರೆ ಚಿರತೆ ಬಂದಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ಯಾಕೆ ಬಂತು, ಯಾರನ್ನು ಕಂಡು ಓಡಿತು ಅನ್ನುವುದನ್ನು ಹೆಜ್ಜೆ ಹೇಳುವುದಿಲ್ಲ. ಬರೆದ ಚಿತ್ರ ಒಬ್ಬ ಮನುಷ್ಯ ಹೇಳಿದ ಮಾತು. ಅವನು ಅಲ್ಲಿದ್ದನಾ, ಯಾರ ದುಡ್ಡಿಗೆ ಬರೆದ, ಎಷ್ಟು ವರ್ಷ ಆದಮೇಲೆ ಬರೆದ, ಈ ಮೂರನ್ನು ಕೇಳಿಕೊಂಡೇ ನಂಬುತ್ತೇವೆ. ಫೋಟೋ ಕೈಗೆ ಬಂದಾಗ ಮಾತ್ರ ಈ ಮೂರೂ ಪ್ರಶ್ನೆ ಮರೆತು ಹೋಗುತ್ತವೆ. ನನ್ನ ಪ್ರಕಾರ ತೊಂದರೆ ಶುರುವಾಗುವುದೇ ಅಲ್ಲಿ.

ಕ್ಯಾಮೆರಾ ಒಂದು ಯಂತ್ರ ಅಲ್ವಾ? ಅದು ಸುಳ್ಳು ಹೇಗೆ ಹೇಳುತ್ತದೆ?

ಬೇಕೆಂದೇ ಹೇಳುವುದಿಲ್ಲ. ಆದರೆ ಅದಕ್ಕೆ ಕಾಣದ್ದು ಬಹಳ ಇದೆ.

1838ರಲ್ಲಿ, ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೆರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಒಂದು ಬೀದಿಯ ಫೋಟೋ ತೆಗೆದ. ಗಾಡಿ, ಕುದುರೆ, ಜನ ಗಿಜಿಗುಡುವ ಬೀದಿ ಅದು. ಫೋಟೋದಲ್ಲಿ ಮಾತ್ರ ಬೀದಿ ಖಾಲಿ. ಆಗ ಒಂದು ಫೋಟೋಗೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಓಡಾಡುತ್ತಿದ್ದವರು ಯಾರೂ ತಗಡಿನ ಮೇಲೆ ಉಳಿಯಲಿಲ್ಲ. ಒಂದು ಮೂಲೆಯಲ್ಲಿ ಒಬ್ಬ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಅಲ್ಲಾಡದೆ ನಿಂತಿದ್ದ. ಅವನು ಉಳಿದ. ಆ ಬೀದಿಯನ್ನು ಒಬ್ಬ ಸಾಧಾರಣ ಚಿತ್ರಕಾರ ಬರೆದಿದ್ದರೂ ಜನರನ್ನು ಬಿಡುತ್ತಿರಲಿಲ್ಲ.

ನಮ್ಮ ಕಡೆಯದ್ದೇ ಬೇಕಾ? 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಹಳೇಬೀಡು, ಬೇಲೂರಿನ ದೇವಸ್ಥಾನಗಳ ಫೋಟೋ ತೆಗೆದ. ಆ ಊರುಗಳ ಮೊದಲ ಫೋಟೋಗಳ ಸಾಲಿಗೆ ಸೇರುವಂಥವು ಅವು. ಆ ಕಾಲದ ಕ್ಯಾಮೆರಾಗೆ ನೀಲಿ ಬೆಳಕು ಅತಿಯಾಗಿ ಹತ್ತುತ್ತಿತ್ತು, ಕೆಂಪು ಹತ್ತುತ್ತಲೇ ಇರಲಿಲ್ಲ. ಹಾಗಾಗಿ ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಬರುತ್ತಿತ್ತು. ಮೋಡ ಇದ್ದರೂ ಇಲ್ಲ. ಟ್ರೈಪ್ ಮುಂದೆ ಬರ್ಮಾ ಮತ್ತು ಮದ್ರಾಸಿನಲ್ಲಿ ಕೆಲಸ ಮಾಡಿದಾಗ ಕುಂಚ ಹಿಡಿದು ನೆಗೆಟಿವ್ (ಬೆಳಕು ಕಪ್ಪಾಗಿ, ನೆರಳು ಬೆಳ್ಳಗೆ ಮೂಡುವ ಮೂಲ ಪ್ರತಿ) ಮೇಲೆ ತಾನೇ ಮೋಡ ಬರೆದ. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಆಕಾಶದಲ್ಲಿ ಮೋಡ ಇರುವುದು ನಿಜ, ಕ್ಯಾಮೆರಾ ಕಂಡದ್ದು ಅರ್ಧ. ಆದರೆ ಇಂಥದ್ದೇ ಮೋಡ, ಇಷ್ಟೇ ಮೋಡ ಅಂದು ಇತ್ತಾ ಎಂದರೆ, ಇರಲಿಲ್ಲ.

ಹಾಗಾದರೆ ಹಳೇ ಫೋಟೋಗಳನ್ನು ನಂಬಲೇಬಾರದಾ?

ನಂಬಿ, ಅವು ಹೇಳಬಲ್ಲ ವಿಷಯಕ್ಕೆ ಕಣ್ಣು ಮುಚ್ಚಿ ನಂಬಿ. ಹಂಪಿಯ ಉದಾಹರಣೆ ನೋಡಿ.

ಜೇಬಿನಲ್ಲಿ 50 ರೂಪಾಯಿ ನೋಟಿದ್ದರೆ ತೆಗೆಯಿರಿ. 2017ರಲ್ಲಿ ಬಂದ ತಿಳಿ ನೀಲಿ ನೋಟು. ಹಿಂದೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಮೇಲ್ಭಾಗ ಚಪ್ಪಟೆ. ನಾವೆಲ್ಲ ನೋಡಿರುವ ರಥ ಅದೇ, ಸೆಲ್ಫಿಯಲ್ಲಿ ಇರುವುದೂ ಅದೇ.

1856ರಲ್ಲಿ ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ದೊಡ್ಡ ಕ್ಯಾಮೆರಾ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಹೊತ್ತುಕೊಂಡು ಹಂಪಿಯ ಫೋಟೋ ತೆಗೆದ. ಅವನ ಫೋಟೋದಲ್ಲಿ ಅದೇ ರಥದ ತಲೆಯ ಮೇಲೆ ಇಟ್ಟಿಗೆ ಗಾರೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಬಿಟ್ಟರು. ಗೋಪುರ ಹೊತ್ತ ರಥ ಎಷ್ಟು ಬೇರೆ ಕಾಣುತ್ತದೆ ಎಂದರೆ, ಮೊದಲ ಸಲ ನೋಡಿದವರು ಇದು ಬೇರೆ ಯಾವುದೋ ಗುಡಿ ಅಂದುಕೊಳ್ಳುತ್ತಾರೆ. ಬರೀ ಬರೆದ ಚಿತ್ರ ಮಾತ್ರ ಉಳಿದಿದ್ದರೆ ಜಗಳ ಮುಗಿಯುತ್ತಲೇ ಇರಲಿಲ್ಲ. ಚಿತ್ರಕಾರ ಚೆಂದಕ್ಕೆ ಸೇರಿಸಿದ ಎಂದು ಒಬ್ಬರು, ಇಲ್ಲ ಇತ್ತು ಎಂದು ಇನ್ನೊಬ್ಬರು. ಗ್ರೀನ್‌ಲಾನ ಒಂದೇ ಒಂದು ಹಾಳೆ ಆ ಮಾತನ್ನು ಮುಗಿಸುತ್ತದೆ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷದಲ್ಲಿ ಏನು ಬಿತ್ತು, ಏನು ಉಳಿಯಿತು, ಯಾವುದನ್ನು ಹೊಸದಾಗಿ ಕಟ್ಟಿದರು ಎಂದು ಕಂಬ ಕಂಬ ಎಣಿಸಬಹುದು. ಈ ಕೆಲಸದಲ್ಲಿ ಫೋಟೋಗೆ ಸಾಟಿ ಇಲ್ಲ.

ಆದರೆ ಗ್ರೀನ್‌ಲಾನ ಫೋಟೋ ನೋಡಿ ಆಗಿನ ಹಂಪಿಯಲ್ಲಿ ಜನವೇ ಇರಲಿಲ್ಲ ಅಂತ ಬರೆದುಬಿಡಬೇಡಿ. ಪ್ಯಾರಿಸ್ಸಿನ ಬೀದಿ ನೆನಪಿರಲಿ.

ಚಿತ್ರಕಾರ ತನಗೆ ತೋಚಿದಂತೆ ಬರೆಯಬಹುದು. ಅದನ್ನು ಹೇಗೆ ನಂಬುವುದು?

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಬನ್ನಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಮನೆ. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರಿನ ಕಾಳಗ ಇದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಮಣ್ಣು ಮುಕ್ಕಿಸಿದ ಯುದ್ಧ. ಹತ್ತಿರ ಹೋಗಿ ನೋಡಿ. ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ.

ಇದರಲ್ಲಿ ಎಷ್ಟು ನಿಜ? ಚೌಕ ಕಟ್ಟಿದ್ದು ನಿಜ. ಮದ್ದಿನ ಗಾಡಿ ಸಿಡಿದದ್ದು ನಿಜ, ಯುದ್ಧ ತಿರುಗಿದ್ದು ಅಲ್ಲೇ. ಬೇಯ್ಲಿ ಗಾಯಗೊಂಡು ಸೆರೆ ಸಿಕ್ಕಿದ್ದೂ ನಿಜ; 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ, ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಪಕ್ಕದಲ್ಲಿ ಅವನ ಸ್ಮಾರಕ ಇದೆ. ಆದರೆ ಗಂಟೆಗಟ್ಟಲೆ ನಡೆದ ಯುದ್ಧ ಇಲ್ಲಿ ಒಂದೇ ಗಳಿಗೆಯಲ್ಲಿ ನಡೆಯುತ್ತಿದೆ. ಸಿಪಾಯಿಗಳಿಗೆಲ್ಲ ಒಂದೇ ಮುಖ. ಬೆರಳು ಕಚ್ಚುವುದು, ಅದು ಬರೆದವನ ಮಾತು. "ನೋಡಿ, ಕಂಪನಿಯ ದೊಡ್ಡ ಕರ್ನಲ್ ಗತಿ" ಎಂದು ಗೆದ್ದವರು ಹೇಳುತ್ತಿದ್ದಾರೆ. ಯಾರ ದುಡ್ಡಿಗೆ ಬರೆದ ಎಂಬ ಪ್ರಶ್ನೆ ಕೇಳಿದರೆ ಇದೆಲ್ಲ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ಇನ್ನೊಂದು ತೊಡಕಿದೆ. ನಾವು ಈಗ ನೋಡುವುದು 1784ರ ಬಣ್ಣವಲ್ಲ. ಟಿಪ್ಪು ಸತ್ತಮೇಲೆ ಆ ಮನೆಯಲ್ಲಿ ಇಳಿದುಕೊಂಡಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಸರಿಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಮತ್ತೆ ಬರೆಸಿದ. ತಾವೇ ಸೋತ ಯುದ್ಧದ ಚಿತ್ರವನ್ನು ಕಂಪನಿಯವರೇ ಖರ್ಚು ಮಾಡಿ ಉಳಿಸಿದರು ಅನ್ನುವುದು ವಿಚಿತ್ರವೇ.

ಬ್ರಿಟಿಷರೂ ಟಿಪ್ಪು ಚಿತ್ರ ಬರೆದಿದ್ದಾರಲ್ಲ, ಅವು ಇನ್ನೂ ನೈಜವಾಗಿ ಕಾಣುತ್ತವೆ?

ನೈಜವಾಗಿ ಕಾಣುವುದು ಬೇರೆ, ನಿಜ ಬೇರೆ. ಡೇವಿಡ್ ವಿಲ್ಕಿ ಬರೆದ ದೊಡ್ಡ ತೈಲಚಿತ್ರ ಒಂದಿದೆ. 1799ರ ಮೇ 4ರ ರಾತ್ರಿ ಜನರಲ್ ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ಹೆಣವನ್ನು ಪತ್ತೆ ಮಾಡುವ ದೃಶ್ಯ. ನೆರಳು ಬೆಳಕು, ಬಟ್ಟೆಯ ಮಡಿಕೆ, ಮೈಯ ಬಣ್ಣ ಎಲ್ಲ ಪಕ್ಕಾ. ದರಿಯಾ ದೌಲತ್ ಗೋಡೆಯ ಮುಂದೆ ಇದನ್ನಿಟ್ಟರೆ ಯಾರಾದರೂ ಇದೇ ನಿಜ ಅಂತಾರೆ.

ಈಗ ಮೂರು ಪ್ರಶ್ನೆ ಕೇಳಿ. ಅವನು ಅಲ್ಲಿದ್ದನಾ? ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಯಾರ ದುಡ್ಡು? ಬೇರ್ಡ್‌ನ ಹೆಂಡತಿಯದು. ಯಾವಾಗ? ಚಿತ್ರ ಮುಗಿದದ್ದು 1839ರಲ್ಲಿ, ನಲವತ್ತು ವರ್ಷ ಆದಮೇಲೆ. ಬೇರ್ಡ್‌ನ ಕಾಲ ಕೆಳಗೆ ಒಂದು ಕಬ್ಬಿಣದ ಜಾಲರಿ ಇದೆ ನೋಡಿ. ಕೆಳಗೆ ನೆಲಮಾಳಿಗೆ ಸೆರೆಮನೆ ಎಂದು ಸೂಚನೆ. ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕವರಲ್ಲಿ ಈ ಬೇರ್ಡ್ ಕೂಡ ಒಬ್ಬ. ಮೂರೂವರೆ ವರ್ಷಕ್ಕೂ ಜಾಸ್ತಿ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. ಬಂದಿಯಾಗಿದ್ದವನು ಗೆದ್ದು ಬಂದು ಅದೇ ಸೆರೆಯ ಮೇಲೆ ನಿಂತ ಎಂಬ ಕಥೆ ಬೇಕಿತ್ತು, ಜಾಲರಿ ಬಂತು.

ಮೈಸೂರಿನವನು ಒಂದು ಬೆರಳು ಬರೆದ, ಸ್ಕಾಟ್ಲೆಂಡಿನವನು ಒಂದು ಜಾಲರಿ ಬರೆದ. ಗೋಡೆ ಚಿತ್ರ ತಾನು ಕಥೆ ಹೇಳುತ್ತಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ವಿಲ್ಕಿಯದು ಮುಚ್ಚಿಡುತ್ತದೆ. ನನಗೆ ಹೆಚ್ಚು ಅನುಮಾನ ಅವನ ಮೇಲೆ.

ಪೊಲ್ಲಿಲೂರಿನಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ ಎಲ್ಲ ಗೊತ್ತಾಗುತ್ತಿತ್ತಲ್ವಾ?

ಹೊಗೆ, ಧೂಳು ಗೊತ್ತಾಗುತ್ತಿತ್ತು. ಒಂದು ಮೂಲೆ ಕಾಣುತ್ತಿತ್ತು. ಮರುದಿನದ ಹೆಣಗಳು ಕಾಣುತ್ತಿದ್ದವು.

ಸುಮ್ನೆ ಹೇಳುತ್ತಿಲ್ಲ. ಯುದ್ಧಕ್ಕೆ ಕ್ಯಾಮೆರಾ ಹೋದ ಮೊದಲ ದಿನಗಳಲ್ಲಿ ಆದದ್ದೇ ಇದು. ಗುಂಡು ಹಾರುವಾಗ ಫೋಟೋ ತೆಗೆಯುವಷ್ಟು ವೇಗ ಕ್ಯಾಮೆರಾಗೆ ಇರಲಿಲ್ಲ, ಹಾಗಾಗಿ ಎಲ್ಲ ಮುಗಿದ ಮೇಲೆ ಬಂದು ತೆಗೆಯುತ್ತಿದ್ದರು. 1855ರಲ್ಲಿ ರೋಜರ್ ಫೆಂಟನ್ ಕ್ರಿಮಿಯಾ ಯುದ್ಧದಲ್ಲಿ ಒಂದೇ ದಾರಿಯ ಎರಡು ಫೋಟೋ ತೆಗೆದ. ಒಂದರಲ್ಲಿ ಫಿರಂಗಿ ಗುಂಡುಗಳು ಪಕ್ಕದ ಹಳ್ಳದಲ್ಲಿವೆ, ದಾರಿ ಖಾಲಿ. ಇನ್ನೊಂದರಲ್ಲಿ ದಾರಿ ತುಂಬ ಗುಂಡುಗಳು. ಪ್ರಸಿದ್ಧವಾದದ್ದು ಎರಡನೆಯದು. ಇಳಿಜಾರಿನ ಸಣ್ಣ ಕಲ್ಲುಗಳು ಎರಡರ ನಡುವೆ ಕೆಳಗೆ ಜಾರಿರುವುದನ್ನು ಹೋಲಿಸಿ ನೋಡಿದವರು, ಖಾಲಿ ದಾರಿಯ ಫೋಟೋನೇ ಮೊದಲನೆಯದು ಎಂದು ವಾದಿಸಿದ್ದಾರೆ. ಅಂದರೆ ಗುಂಡುಗಳನ್ನು ಯಾರೋ ಎತ್ತಿ ದಾರಿಗೆ ಹಾಕಿದ್ದಾರೆ.

ಲಖನೌದ್ದು ಇನ್ನೂ ಕಟು. ಸಿಕಂದರ್ ಬಾಗ್‌ನಲ್ಲಿ ಸುಮಾರು ಎರಡು ಸಾವಿರ ಬಂಡಾಯಗಾರರನ್ನು ಕೊಂದದ್ದು 1857ರ ನವೆಂಬರ್‌ನಲ್ಲಿ. ಛಾಯಾಗ್ರಾಹಕ ಫೆಲಿಸ್ ಬಿಯಾಟೊ ಅಲ್ಲಿಗೆ ಬಂದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಅವನ ಫೋಟೋದಲ್ಲಿ ಅಂಗಳದ ತುಂಬ ತಲೆಬುರುಡೆ, ಮೂಳೆ. ಹೂತಿದ್ದನ್ನು ಫೋಟೋಗಾಗಿಯೇ ಹೊರಗೆ ತೆಗೆದು ಹರಡಿದರು ಎಂಬ ಮಾತು ಆ ಕಾಲದಿಂದಲೂ ಇದೆ. ಕಟ್ಟಡ ನಿಜ, ಮೂಳೆ ನಿಜ, ಕೊಂದದ್ದೂ ನಿಜ. ಆ ಮಾತು ನಿಜವಾದರೆ, ಜೋಡಿಸಿದ್ದು ಮಾತ್ರ ಬಿಯಾಟೊನ ಕಡೆಯವರು. ಇದನ್ನು ಸುಳ್ಳು ಫೋಟೋ ಅನ್ನುತ್ತೀರಾ? ನಾನು ಅನ್ನುವುದಿಲ್ಲ, ಆದರೆ ನವೆಂಬರ್ ದಿನದ ಸಾಕ್ಷಿ ಅಂತಲೂ ಅನ್ನುವುದಿಲ್ಲ.

ಓಡುವ ಕುದುರೆ ವಿಷಯದಲ್ಲಿ ಫೋಟೋ ಗೆದ್ದಿತು ಅಂತಾರಲ್ಲ?

ಗೆದ್ದಿತು. 1821ರಲ್ಲಿ ಫ್ರಾನ್ಸಿನ ಚಿತ್ರಕಾರ ಜೆರಿಕೊ ಬರೆದ ರೇಸ್ ಚಿತ್ರದಲ್ಲಿ ಕುದುರೆಗಳು ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುತ್ತಿವೆ. ಆಗ ಎಲ್ಲರೂ ಹಾಗೇ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು, ಅಡ್ಡ ಕಟ್ಟಿದ ದಾರಕ್ಕೆ ಕುದುರೆ ತಾಗಿದಾಗ ಒಂದೊಂದೇ ಫೋಟೋ ಬೀಳುವಂತೆ ಮಾಡಿದ. ನಾಲ್ಕು ಕಾಲೂ ನೆಲ ಬಿಡುವುದು ನಿಜ, ಆದರೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ.

ಶಿಲ್ಪಿ ರೋಡಾಂ ಇದಕ್ಕೂ ತಕರಾರು ತೆಗೆದ. ನಿಜವಾದ ಜಗತ್ತಿನಲ್ಲಿ ಸಮಯ ನಿಲ್ಲುವುದಿಲ್ಲ, ಫೋಟೋ ನಿಲ್ಲಿಸುತ್ತದೆ, ಹಾಗಾಗಿ ಸುಳ್ಳು ಹೇಳುವುದು ಫೋಟೋನೇ ಎಂದ. ಮೈಬ್ರಿಜ್‌ನ ಕುದುರೆ ಗಾಳಿಯಲ್ಲಿ ಸಿಕ್ಕಿಕೊಂಡ ಹಾಗೆ ಕಾಣುವುದಂತೂ ಹೌದು. ಆದರೂ ಕಾಲು ಎಲ್ಲಿತ್ತು ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು ಮೈಬ್ರಿಜ್. ರೋಡಾಂ ಪ್ರಶ್ನೆಯನ್ನೇ ಬದಲಾಯಿಸಿದ.

ಇಷ್ಟು ಒಳ್ಳೆ ಕ್ಯಾಮೆರಾ ಬಂದಮೇಲೂ ಹಕ್ಕಿ ಗುರುತಿಸುವ ಪುಸ್ತಕಗಳಲ್ಲಿ ಬರೆದ ಚಿತ್ರವೇ ಯಾಕೆ?

ಫೋಟೋದಲ್ಲಿರುವುದು ಒಂದು ಹಕ್ಕಿ. ಅದಕ್ಕೆ ಒಂದು ಗರಿ ಉದುರಿರಬಹುದು, ಸಂಜೆ ಬಿಸಿಲು ಬಿದ್ದು ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿರಬಹುದು, ಎಲೆ ಅಡ್ಡ ಬಂದಿರಬಹುದು. ನಿಮಗೆ ಬೇಕಾದದ್ದು ಆ ಜಾತಿಯ ಹಕ್ಕಿ. ಚಿತ್ರಕಾರ ಹತ್ತಾರು ಹಕ್ಕಿ ನೋಡಿ, ಹುಬ್ಬಿನ ಪಟ್ಟೆ, ರೆಕ್ಕೆಯ ಗೆರೆ ಕಾಣುವಂತೆ, ಪಕ್ಕದಲ್ಲಿ ಹೆಣ್ಣು, ಮರಿ, ಹಾರುವ ಭಂಗಿ ಎಲ್ಲವನ್ನೂ ಒಂದೇ ಅಳತೆಗೆ ಬರೆಯುತ್ತಾನೆ. ಪುಟದಲ್ಲಿರುವಂಥ ಹಕ್ಕಿ ಎಲ್ಲೂ ಕೂತಿರಲಿಲ್ಲ. ಆದರೂ ಗದ್ದೆ ಬದುವಿನಲ್ಲಿ ನಿಂತು ಗುರುತಿಸುವಾಗ ಅದೇ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಅಂಗರಚನೆಯ ಪಾಠದ ಚಿತ್ರಗಳಿಗೂ, ಅಗೆತದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ಇವತ್ತಿಗೂ ಗೆರೆಯಲ್ಲಿ ಬರೆಯುವುದಕ್ಕೂ ಇದೇ ಕಾರಣ.

ಎಡಿಟ್ ಮಾಡದ ಫೋಟೋ ಆದರೆ ನಂಬಬಹುದು ತಾನೇ?

ಎಡಿಟ್ ಬಗ್ಗೆ ನಾವು ಅತಿಯಾಗಿ ಮಾತಾಡುತ್ತೇವೆ, ಎಲ್ಲಿ ನಿಂತು ತೆಗೆದರು ಅನ್ನುವುದರ ಬಗ್ಗೆ ಕಡಿಮೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಜಾಹೀರಾತಿನಲ್ಲಿ ಹಾಲ್ ಮೈದಾನದ ಹಾಗಿರುತ್ತದೆ, ಹೋಗಿ ನೋಡಿದರೆ ಸೋಫಾ ಇಟ್ಟಮೇಲೆ ಬಾಗಿಲು ತೆಗೆಯಲು ಆಗುವುದಿಲ್ಲ. ಯಾರೂ ಎಡಿಟ್ ಮಾಡಿಲ್ಲ. ಅಗಲ ಲೆನ್ಸ್ ಹಾಕಿ ಮೂಲೆಯಲ್ಲಿ ನಿಂತು ತೆಗೆದಿದ್ದಾರೆ, ಅಷ್ಟೇ. ಇದಕ್ಕೆ ತಿರುಗಾಮುರುಗಾ ಉದ್ದ ಲೆನ್ಸ್. ಜಂಬೂ ಸವಾರಿಯ ಫೋಟೋಗಳಲ್ಲಿ ಆನೆಯ ಬೆನ್ನಿಗೇ ಅರಮನೆ ಅಂಟಿಕೊಂಡಂತೆ ಕಾಣುವುದು ಅದರಿಂದ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಡೆನ್ಮಾರ್ಕಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಒಂದೇ ಜನರ ಸಾಲನ್ನು ಎರಡು ಥರದ ಲೆನ್ಸಿನಲ್ಲಿ ತೆಗೆದು ತೋರಿಸಿದರು. ಒಂದರಲ್ಲಿ ನೂಕುನುಗ್ಗಲು, ಇನ್ನೊಂದರಲ್ಲಿ ಎಲ್ಲರೂ ದೂರ ದೂರ. ಚುನಾವಣಾ ಸಭೆಯ ಫೋಟೋ ನೋಡುವಾಗ ಇದು ತಲೆಯಲ್ಲಿರಲಿ.

ಕಾಡುಪ್ರಾಣಿ ಫೋಟೋ ತೆಗೆಯುವವರಿಗೆ ಇನ್ನೊಂದು. ಬ್ರಿಟನ್ನಿನ ದೊಡ್ಡ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಫೋಟೋ ಗೆದ್ದಿತು. ಅದು ಪಳಗಿಸಿದ ತೋಳ ಇರಬೇಕು ಎಂದು ತೀರ್ಪುಗಾರರು ತೀರ್ಮಾನಿಸಿ 2010ರ ಜನವರಿಯಲ್ಲಿ ಬಹುಮಾನ ವಾಪಸ್ ಪಡೆದರು. ತೆಗೆದವರು ಒಪ್ಪಲಿಲ್ಲ. ತಕರಾರು ಫೋಟೋ ತಿದ್ದಿದ್ದಾರೆ ಎಂದಾಗಿರಲಿಲ್ಲ, ತೋಳ ಕಾಡಿನದ್ದೇ ಎಂಬ ಮಾತಿನ ಮೇಲಿತ್ತು.

ನಮ್ಮ ಮನೆಯ ಹಳೇ ಸ್ಟುಡಿಯೋ ಫೋಟೋಗಳಲ್ಲಿ ತಾತ ಅಷ್ಟು ನುಣ್ಣಗೆ ಹೇಗಿದ್ದಾರೆ?

ಟಚಿಂಗ್! ಎಡಿಟ್ ಎಂಬುದು ಕಂಪ್ಯೂಟರ್ ಜೊತೆ ಬಂದದ್ದಲ್ಲ. ಊರ ಸ್ಟುಡಿಯೋದಲ್ಲಿ ಒಳಗಿನ ಕೋಣೆಯಲ್ಲಿ ಒಬ್ಬರು ಓರೆಯಾದ ಮೇಜಿನ ಮುಂದೆ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು ಕೂರುತ್ತಿದ್ದರು. ಕೈಯಲ್ಲಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್. ಮುಖದ ಸುಕ್ಕು ನೆಗೆಟಿವ್‌ನಲ್ಲಿ ತೆಳು ಗೆರೆಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತಾಗಿಸಿ ತಾಗಿಸಿ ತುಂಬಿದರೆ ಪ್ರಿಂಟ್‌ನಲ್ಲಿ ಸುಕ್ಕು ಮಾಯ. ಸಿಡುಬಿನ ಕಲೆಯೂ ಮಾಯ. ಹಿಂದೆ ಕಾಣುವ ತೋಟ, ಮೆಟ್ಟಿಲು, ಕಂಬ ಎಲ್ಲ ಬಟ್ಟೆಯ ಮೇಲೆ ಬರೆದ ಪರದೆ. ಕೈಗಡಿಯಾರ, ಕೋಟು ಸ್ಟುಡಿಯೋದವರದ್ದೇ ಇರಬಹುದು. ಒಂಟಿ ಫೋಟೋ ಇಲ್ಲದೆ ತೀರಿಕೊಂಡವರಿಗೆ ಗ್ರೂಪ್ ಫೋಟೋದಿಂದ ಮುಖ ಎತ್ತಿ, ದೊಡ್ಡದು ಮಾಡಿ, ಮೈಯನ್ನು ಬಣ್ಣದಲ್ಲಿ ಬರೆದು ಹಾರ ಹಾಕಲು ಕೊಡುತ್ತಿದ್ದರು. ಅದು ಫೋಟೋವಾ ಚಿತ್ರವಾ ಎಂದು ಬಿಡಿಸಿ ಹೇಳುವುದು ಕಷ್ಟ. ಮದುವೆ ಆಲ್ಬಂ ಬಗ್ಗೆ ಮಾತಾಡುವುದೇ ಬೇಡ.

ಮೊಬೈಲ್ ಫೋಟೋ?

ನೀವು ಒಂದು ಸಲ ಒತ್ತಿದರೆ ಅದು ಹಲವು ಫೋಟೋ ತೆಗೆದು, ಒಂದರ ಆಕಾಶ, ಇನ್ನೊಂದರ ಮುಖ ಸೇರಿಸಿ ಒಂದು ಮಾಡುತ್ತದೆ. ನೆಗೆಟಿವ್ ಮೇಲೆ ಮೋಡ ಬರೆಯುತ್ತಿದ್ದ ಟ್ರೈಪ್ ಈಗ ನಿಮ್ಮ ಜೇಬಿನಲ್ಲೇ ಇದ್ದಾನೆ. 2023ರಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು, ಕತ್ತಲ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಚಂದ್ರನನ್ನು ಗುರುತಿಸಿ ವಿವರ ಸೇರಿಸುತ್ತೇವೆ ಎಂದು ಕಂಪನಿಯೂ ಒಪ್ಪಿಕೊಂಡಿತು. ಚಂದ್ರನಾದರೆ ಪರವಾಗಿಲ್ಲ. ಅಪಘಾತದ ಗಾಡಿ ನಂಬರು ತೆಗೆಯುವಾಗ ಸ್ವಲ್ಪ ಯೋಚನೆ ಮಾಡಬೇಕು.

ಕೋರ್ಟಿನಲ್ಲಿ ಫೋಟೋ ನಡೆಯುತ್ತದಾ?

ನಡೆಯುತ್ತದೆ, ಆದರೆ ಫೋಟೋ ಒಂಟಿಯಾಗಿ ಬಂದರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಫೋಟೋ ಜೊತೆ ಪ್ರಮಾಣಪತ್ರ ಬೇಕು. ಯಾವ ಸಾಧನದಿಂದ ಬಂತು ಎಂಬ ವಿವರ ಬೇಕು, ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆ ಬೇಕು. ಅಂದರೆ ಕಾನೂನು ಕೂಡ ಫೋಟೋ ಹಿಂದಿರುವ ಮನುಷ್ಯನನ್ನು ಹುಡುಕುತ್ತದೆ.

ಇಂಗ್ಲೆಂಡಿನದ್ದು ಬೇರೆಯೇ ಕಥೆ. 1925ರ ಕಾನೂನಿನ ಪ್ರಕಾರ ಕೋರ್ಟಿನೊಳಗೆ ಫೋಟೋ ತೆಗೆಯುವಂತಿಲ್ಲ, ಕೂತು ಚಿತ್ರ ಬರೆಯುವಂತೆಯೂ ಇಲ್ಲ. ಚಿತ್ರಕಾರರು ಒಳಗೆ ಕಣ್ಣಾರೆ ನೋಡಿ, ಹೊರಗೆ ಬಂದು ನೆನಪಿನಿಂದ ಬರೆಯುತ್ತಾರೆ. ದೊಡ್ಡ ದೊಡ್ಡ ಪತ್ರಿಕೆಗಳು ಆ ನೆನಪನ್ನೇ ಅಚ್ಚು ಹಾಕುತ್ತವೆ, ಜನ ನಂಬುತ್ತಾರೆ.

ಎಐ ಚಿತ್ರಗಳು ಬಂದಮೇಲೆ ಈ ಚರ್ಚೆಗೆ ಅರ್ಥ ಇದೆಯಾ?

ಜಾಸ್ತಿ ಇದೆ. ಎಐ ಚಿತ್ರ ಫೋಟೋ ವೇಷ ಹಾಕಿರುತ್ತದೆ, ಆದರೆ ಅದರ ಮುಂದೆ ಯಾವ ವಸ್ತುವೂ ಇರಲಿಲ್ಲ, ಅಲ್ಲಿದ್ದೆ ಎನ್ನುವ ಮನುಷ್ಯನೂ ಇಲ್ಲ. ಫೋಟೋದ ಬಲವೂ ಇಲ್ಲ, ಚಿತ್ರದ ಹೊಣೆಯೂ ಇಲ್ಲ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಇಂಥದ್ದನ್ನೇ ಸೋನಿ ಛಾಯಾಚಿತ್ರ ಸ್ಪರ್ಧೆಗೆ ಕಳಿಸಿ ಗೆದ್ದು, ಇದು ಫೋಟೋ ಅಲ್ಲ ಎಂದು ಬಹುಮಾನ ಬೇಡ ಅಂದರು.

ಮನೆಯಲ್ಲಿ ಹಳೇ ಫೋಟೋಗಳ ಡಬ್ಬ ಇದೆ. ಏನು ಮಾಡಲಿ?

ಮೊದಲು ಹಿಂಬದಿ ನೋಡಿ. ಸ್ಟುಡಿಯೋ ಮೊಹರು, ಊರು, ಇಸವಿ, ಯಾರದ್ದೋ ಕೈಬರಹ ಇರಬಹುದು. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ. ಎಲ್ಲರೂ ಮುಖ ಮಾತ್ರ ಮಾಡಿ ಬಿಡುತ್ತಾರೆ. ಅಂಚು ಕತ್ತರಿಸಬೇಡಿ. ಬಣ್ಣ ತುಂಬಿಸುವ ಆ್ಯಪ್ ಬಳಸಿದರೆ ಆ ಪ್ರತಿಯನ್ನು ಬೇರೆ ಇಡಿ, ಇಲ್ಲದಿದ್ದರೆ ಮುಂದಿನವರು ಅಜ್ಜಿಯ ಸೀರೆ ಹಸಿರೇ ಇತ್ತು ಅಂದುಕೊಳ್ಳುತ್ತಾರೆ. ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ; ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಮುಖಗಳನ್ನು ಗುರುತಿಸಬಲ್ಲ ದೊಡ್ಡಮ್ಮನೋ ಸೋದರಮಾವನೋ ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿ. ಅವರು ಹೇಳಿದ್ದನ್ನು ಬರೆದು, ಹೇಳಿದವರು ಯಾರು, ಯಾವತ್ತು ಹೇಳಿದರು ಅನ್ನುವುದನ್ನೂ ಜೊತೆಗೆ ಸೇರಿಸಿ.